ಭಾನುವಾರ ಖಾಲಿ ಡಬ್ಬಿ ತನ್ನಿ

ಪಾಲಕರಿಗೆ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಗೋಲಗುಮ್ಮಟದ ಉದ್ಯಾನದಲ್ಲಿ ಮಕ್ಕಳೊಂದಿಗೆ ಸೇರಿ, ತಿನಿಸಿನ ಡಬ್ಬಿಗಳ ಹಿಂಬದಿ ಓದಿ, ಸಕ್ಕರೆ ಎಷ್ಟಿದೆಯೆಂದು ಅಳೆದು ನೋಡೋಣ. ಪ್ರತಿ ಮಗುವೂ ತನಗಿಷ್ಟವಾದ ತಿನಿಸಿನ ಖಾಲಿ ಕವರನ್ನೋ ಡಬ್ಬಿಯನ್ನೋ ತರಲಿ. ಜೊತೆಗೆ ಒಂದು ಚಮಚ, ಒಂದಿಷ್ಟು ಸಕ್ಕರೆ.

ಸಕ್ಕರೆ ಯಾಕೆಂದರೆ, ಹೋದ ವಾರ ನನ್ನ ಮಗ ಟಿವಿಯಲ್ಲಿ ಕಂಡ, ಹಾಲಿಗೆ ಬೆರೆಸುವ ಪುಡಿಯೇ ಬೇಕೆಂದು ಹಟ ಹಿಡಿದ. ಕುಡಿದರೆ ಎತ್ತರವಾಗುತ್ತಾನಂತೆ! ಬೈಯಲಿಲ್ಲ; ತಂದುಕೊಟ್ಟು ಡಬ್ಬಿಯ ಹಿಂಬದಿ ಓದಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಸಕ್ಕರೆ ಎರಡನೆಯ ಹೆಸರಾಗಿತ್ತು. 100 ಗ್ರಾಂಗೆ ಎಷ್ಟೆಂದು ನೋಡಿ, ಅಷ್ಟನ್ನೂ ಅವನ ಕೈಯಿಂದಲೇ ತಟ್ಟೆಗೆ ಅಳೆದು ಹಾಕಿಸಿದೆ. ಗುಡ್ಡೆ ಕಂಡು ಹುಡುಗ ಸುಮ್ಮನಾದ. (ಮರುದಿನ ಮತ್ತೆ ಕೇಳಿದ, ಆ ಮಾತು ಬೇರೆ.)

ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿದ್ದು ನೆನಪಿರಬಹುದು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆ ಹೆಸರಿನ ವ್ಯಾಖ್ಯಾನವೇ ಇಲ್ಲ.

ಭಾನುವಾರದೊಳಗೆ ಮನೆಯಲ್ಲೊಂದು ಆಟ ಆಡಿಸಿ: ಟಿವಿ ಜಾಹೀರಾತಿನ ಕೆಳಗೆ ಓಡುವ ಸಣ್ಣಕ್ಷರವನ್ನು ಯಾರು ಮೊದಲು ಓದುತ್ತಾರೆ? ನಾನಂತೂ ಇನ್ನೂ ಗೆದ್ದಿಲ್ಲ.

ಭಾಷಣ ಇರುವುದಿಲ್ಲ. ಚುರುಮುರಿ ನಾನು ತರುತ್ತೇನೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.