ಮಜ್ಜಿಗೆಹುಲ್ಲು ಚಹಾ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಮಡಿಕೇರಿಯ ಒಂದು ಮಸಾಲೆ ಅಂಗಡಿಯಲ್ಲಿ ಒಣಗಿದ ಮಜ್ಜಿಗೆಹುಲ್ಲನ್ನು (ಲೆಮನ್ ಗ್ರಾಸ್) ‘ಕೊಡಗಿನ ಗ್ರೀನ್ ಟೀ’ ಎಂದು ಪ್ರವಾಸಿಗರಿಗೆ ಮಾರುತ್ತಿದ್ದರು. ದಕ್ಷಿಣ ಕೊಡಗಿನ ಚಹಾ ತೋಟದಲ್ಲಿ 26 ವರ್ಷ ರೈಟರ್, ಅಂದರೆ ತೋಟದ ಗುಮಾಸ್ತ, ಆಗಿದ್ದವನು ನಾನು. ತುಂಬಾ ಬೇಜಾರಾಯಿತು. ಮಜ್ಜಿಗೆಹುಲ್ಲಿನ ಕಷಾಯ ಒಳ್ಳೆಯದೇ, ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಕುದಿಸುತ್ತೇವೆ. ಆದರೆ ಅದು ಚಹಾ ಅಲ್ಲ.

ಬಿಳಿ, ಹಸಿರು, ಊಲಾಂಗ್, ಕಪ್ಪು ಎಲ್ಲವೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ವ್ಯತ್ಯಾಸವಾಗುವುದು ಹೆಚ್ಚಾಗಿ ಎಲೆ ಕಿತ್ತ ಮೇಲೆ. ಬೇಗ ಬಿಸಿ ತಾಗಿಸಿದರೆ ಹಸಿರು ಉಳಿಯುತ್ತದೆ. ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಬಾಡಿಸಿ, ಉಜ್ಜಿ, ಗಾಳಿಗೆ ಬಿಟ್ಟರೆ ಎಲೆ ಕಪ್ಪಾಗುತ್ತದೆ. ಆ ಹೊತ್ತಿನಲ್ಲಿ ತೋಟದ ಫ್ಯಾಕ್ಟರಿಯಿಂದ ಬರುವ ಪರಿಮಳ ನನಗೆ ಇವತ್ತಿಗೂ ನೆನಪಿದೆ. ಅರ್ಧದಲ್ಲಿ ನಿಲ್ಲಿಸಿದರೆ ಊಲಾಂಗ್. ನಮ್ಮ ಹೋಟೆಲುಗಳ ಖಡಕ್ ಚಹಾದ ಕಾಳು ಕಾಳಾದ ಪುಡಿ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ್ದು. ಆ ಯಂತ್ರ ಹುಟ್ಟಿದ್ದು 1930ರ ಹೊತ್ತಿಗೆ, ಅಸ್ಸಾಂನಲ್ಲಿ.

ಹೆಸರಿಗೂ ಎರಡು ದಾರಿ. ಚೀನಾದಿಂದ ನೆಲದ ಮೇಲೆ ಹೋದ ಕಡೆ ಹೆಚ್ಚಾಗಿ ‘ಚಾ’. ಅಲ್ಲಿನದೇ ಫುಜಿಯಾನ್ ಕರಾವಳಿಯ ‘ಟೆ’ ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋಯಿತು. ನಮ್ಮ ಬಾಯಲ್ಲಿ ಚಹಾ, ಟೀ ಎರಡೂ ಇವೆ, ಅಲ್ವಾ?

ಕಾಫಿ ನಾಡಾದರೂ ಕೊಡಗಿನಲ್ಲಿ ನಿಜವಾದ ಚಹಾ ಬೆಳೆಯುತ್ತದೆ. ಎಲೆ ಕೀಳುವ ಹೆಂಗಸರು ಮಳೆಯಲ್ಲಿ ಬೆನ್ನಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ದುಡಿಯುತ್ತಾರೆ. ಅಂಗಡಿಯವರು ದಯವಿಟ್ಟು ಪೊಟ್ಟಣದ ಮೇಲೆ ‘ಮಜ್ಜಿಗೆಹುಲ್ಲು’ ಎಂದೇ ಬರೆಯಲಿ. ಪಕ್ಕದಲ್ಲೇ ನಮ್ಮ ತೋಟದ ಚಹಾವನ್ನೂ ಇಡಲಿ.

– ನಿವೃತ್ತ ತೋಟದ ರೈಟರ್, ಗೋಣಿಕೊಪ್ಪ