ಸೋಮವಾರ ಹಲ್ಲು ಕೀಳಿಸುವ ಮುನ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ರೂಟ್ ಕೆನಾಲ್ ಆದ ಮೇಲೂ ನೋವು ನಿಂತಿಲ್ಲ, ಸೋಮವಾರ ಆ ದವಡೆ ಹಲ್ಲನ್ನೇ ಕೀಳಿಸಿಬಿಡುತ್ತೇನೆ ಎಂದು ನಿನ್ನೆ ನೀನು ಹೇಳಿದಾಗ ನನ್ನ ದನಿ ಏರಿತು. ಬೇಸರಪಟ್ಟುಕೊಳ್ಳಬೇಡ, ಭಯಕ್ಕೆ ಏರಿದ ದನಿ ಅದು.

ನಿನ್ನಜ್ಜಿಯ ಎಡಗಡೆಯ ಮೂರು ಹಲ್ಲುಗಳು ಹೋದದ್ದು ಹೀಗೆಯೇ. ಅನ್ನ ಕಲಸಿ ತುತ್ತನ್ನು ಬಾಯಿಯ ಬಳಿಗೆ ಒಯ್ದವಳು ಕೆನ್ನೆಗೆ ಕರೆಂಟು ಹೊಡೆದಂತಾಗಿ, ಎತ್ತಿದ ಕೈಯನ್ನು ಇಳಿಸದೆ ಹಾಗೆಯೇ ಕೂತುಬಿಡುತ್ತಿದ್ದಳು. ಅರ್ಧ ನಿಮಿಷಕ್ಕೆಲ್ಲ ನೋವು ಮಾಯವಾದರೂ ಮತ್ತೆ ತುತ್ತೆತ್ತುವ ಧೈರ್ಯ ಬರುತ್ತಿರಲಿಲ್ಲ. ಬಸ್ಸಿನ ಕಿಟಕಿಯ ಗಾಳಿಗೆ ಹೆದರಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು, ಎಡಗೆನ್ನೆಗೆ ನೀರು ಸೋಕಿಸುತ್ತಿರಲಿಲ್ಲ. ಒಂದು ಹಲ್ಲು ಕಿತ್ತರೆ ನೋವು ಪಕ್ಕದ ಹಲ್ಲಿಗೆ, ಅದನ್ನೂ ಕಿತ್ತರೆ ಅದರಾಚೆಯದಕ್ಕೆ. ಹತ್ತಿಯ ಮೇಲಿಟ್ಟು ತೋರಿಸಿದ ಆ ಹಲ್ಲುಗಳಲ್ಲಿ ಹುಳುಕಿನ ಒಂದು ಚುಕ್ಕೆಯೂ ಇರಲಿಲ್ಲ.

ಕೊನೆಗೆ ನರರೋಗ ತಜ್ಞರು ಅದನ್ನು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಗುರುತಿಸಿದರು. ಮಿದುಳಿನಿಂದ ಹೊರಡುವ ಐದನೆಯ ನರ ಮೂರು ಕವಲಾಗಿ ಹಣೆ, ಮೇಲ್ದವಡೆ, ಕೆಳದವಡೆಗಳಿಗೆ ಹರಡಿದೆ. ಅದರ ಬುಡದಲ್ಲಿ ರಕ್ತನಾಳವೊಂದು ಒತ್ತುತ್ತ ನರದ ಹೊದಿಕೆ ಸವೆದರೆ, ಹಲ್ಲುಜ್ಜುವುದು, ಅಗಿಯುವುದು, ಮಾತಾಡುವುದು ಕೂಡ ತಡೆಯಲಾಗದ ನೋವಾಗುತ್ತದೆ.

ನಿನ್ನದೂ ಅದೇ ಎಂದು ನಾನು ಹೇಳಲಾರೆ. ಆದರೆ ಹುಳುಕು ಹಲ್ಲು ಬಿಸಿಗೆ, ತಣ್ಣಗಿನದಕ್ಕೆ ಬಹಳ ಹೊತ್ತು ನೋಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ನಿನ್ನ ನೋವು ಪಾಠ ಮಾಡುವಾಗ ತುಟಿ ಅಲುಗಿದರೆ ಬರುತ್ತದೆ, ಕ್ಷಣದಲ್ಲಿ ಹೋಗುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲ. ಇಂಥ ನೋವಿನಲ್ಲೂ ಒಂದು ತರಗತಿಯನ್ನೂ ತಪ್ಪಿಸದ ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ, ಆದರೆ ಆ ಹಟವನ್ನು ಇಲ್ಲಿ ತರಬೇಡ.

ಮೊದಲು ನರರೋಗ ತಜ್ಞರನ್ನು ಕಾಣಬೇಕು, ಅವರು ಹೇಳಿದರೆ ಎಂಆರ್‌ಐ ಮಾಡಿಸಬೇಕು. ಈ ಕಾಯಿಲೆ 50 ದಾಟಿದವರಲ್ಲೇ ಹೆಚ್ಚು. ನಿನ್ನ ವಯಸ್ಸಿನಲ್ಲಿ ಬಂದರೆ, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಬೇರೆ ಕಾರಣವಿದೆಯೇ ಎಂದು ನೋಡಲೇಬೇಕು, ನನ್ನ ನಿದ್ದೆ ಕೆಟ್ಟಿರುವುದು ಇದರಿಂದಲೇ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಅಜ್ಜಿಗೆ ಹಿಡಿತ ಕೊಟ್ಟದ್ದು ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಜೆಪಿನ್. ಅದರಿಂದ ತಲೆಸುತ್ತು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಮೈಮೇಲೆ ಗುಳ್ಳೆಯೆದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಆದ್ದರಿಂದ ಅಂಗಡಿಯಲ್ಲಿ ಕೇಳಿ ನೀನಾಗಿಯೇ ನುಂಗಬೇಡ. ಮಾತ್ರೆಗೆ ಬಗ್ಗದಿದ್ದರೆ ರಕ್ತನಾಳವನ್ನು ನರದಿಂದ ಸರಿಸಿ ನಡುವೆ ಮೆತ್ತೆಯಿಡುವ ಶಸ್ತ್ರಚಿಕಿತ್ಸೆಯೂ ಇದೆ.

ಸೋಮವಾರದ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿಸು. ನಾನು ಭಾನುವಾರ ರಾತ್ರಿಯ ರೈಲಿಗೆ ಹೊರಡುತ್ತೇನೆ, ತಜ್ಞರಲ್ಲಿಗೆ ಇಬ್ಬರೂ ಹೋಗೋಣ. ಎಕ್ಸ್‌ರೇಗಳನ್ನೂ ನುಂಗಿದ ಮಾತ್ರೆಗಳ ಚೀಟಿಯನ್ನೂ ಒಂದೇ ಕಡೆ ತೆಗೆದಿಡು.

ನಿನ್ನ ಅಪ್ಪ