ಖಾಲಿ ಮನೆಯ ಬೀಗದ ಕೈ ಯಾರ ಬಳಿ ಇದೆ?

ಮಾನ್ಯ ಸಂಪಾದಕರೇ,

ಮಂಗಳೂರಿನ ಬೋಳಾರದಲ್ಲಿ ನಮ್ಮ ಪಕ್ಕದ ಹಂಚಿನ ಮನೆಗೆ ಬೀಗ ಬಿದ್ದು ಎಂಟು ವರ್ಷವಾಯಿತು. ಅಲ್ಲಿದ್ದ ಅಜ್ಜಿ ತೀರಿಕೊಂಡರು. ಮಕ್ಕಳಲ್ಲಿ ಒಬ್ಬರು ಮುಂಬೈಯಲ್ಲಿ, ಇಬ್ಬರು ಮಸ್ಕತ್‌ನಲ್ಲಿ ಇದ್ದಾರೆ. ಮೊದಲ ಮೂರು ಮಳೆಗಾಲವನ್ನು ಮನೆ ಹೇಗೋ ತಡೆದುಕೊಂಡಿತು. ನಾಲ್ಕನೆಯದರಲ್ಲಿ ತೆಂಗಿನ ಮಡಲು ಬಿದ್ದು ಐದಾರು ಹಂಚು ಒಡೆದವು. ಮನೆಯಲ್ಲಿ ಜನರಿದ್ದಿದ್ದರೆ ಅದು ಅರ್ಧ ದಿನದ ಕೆಲಸ. ಯಾರೂ ಇಲ್ಲದ ಕಾರಣ ನೀರು ಹಂಚಿನ ಕೆಳಗಿನ ರೀಪಿಗೆ ಇಳಿಯಿತು, ರೀಪಿನಿಂದ ಅದನ್ನು ಹೊತ್ತ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಗೆ. ಈಗ ಅಡುಗೆಕೋಣೆಯ ಮಾಡು ಪೂರ್ತಿ ಕುಸಿದಿದೆ. ಮುರಕಲ್ಲಿನ ಗೋಡೆಯ ಸಂದಿನಲ್ಲಿ ಅಶ್ವತ್ಥದ ಸಸಿ ನನ್ನ ಎತ್ತರಕ್ಕೆ ಬೆಳೆದಿದೆ. ಹೋದ ವರ್ಷ ವಾರಸುದಾರರು ಯಾರಿಗೋ ಫೋನ್ ಮಾಡಿ ರಸ್ತೆಯ ಬದಿಗೆ ತಗಡಿನ ಶೀಟು ಹೊಡೆಸಿದರು. ದಾರಿಯಲ್ಲಿ ಹೋಗುವವರಿಗೆ ಈಗ ಶೀಟು ಮಾತ್ರ ಕಾಣಿಸುತ್ತದೆ. ನಮ್ಮ ಅಡುಗೆಮನೆಯ ಕಿಟಕಿಗೆ ಉಳಿದದ್ದೆಲ್ಲ ಕಾಣಿಸುತ್ತದೆ.

ಈ ಪತ್ರ ಬರೆಯಲು ಕಾರಣವಾದದ್ದು ನನ್ನ ಒಂದು ಹೂವಿನ ಕುಂಡ. ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಸೊಳ್ಳೆ ಸಮೀಕ್ಷೆಗೆಂದು ಬಂದ ಇಬ್ಬರು ಹುಡುಗಿಯರು ಕುಂಡದ ಕೆಳಗಿನ ತಟ್ಟೆಯಲ್ಲಿ ಲಾರ್ವಾ ತೋರಿಸಿ, ಮುಂದಿನ ಸಲ ಇದ್ದರೆ ದಂಡ ಹಾಕುತ್ತೇವೆ ಎಂದು ಎಚ್ಚರಿಸಿದರು. ತಪ್ಪು ನನ್ನದೇ, ಒಪ್ಪಿಕೊಂಡೆ. ಪಕ್ಕದ ಮನೆಯಲ್ಲಿ ಮುಚ್ಚಳವಿಲ್ಲದ ಬಾವಿ, ಒಡೆದ ಟ್ಯಾಂಕ್, ಹಂಚಿನ ರಾಶಿಯ ನಡುವೆ ನಿಂತ ನೀರು ಎಲ್ಲವೂ ಇದೆ ಎಂದು ಹೇಳಿದೆ. ಅವರು ಗೇಟಿನ ಬೀಗ ನೋಡಿ, ಪುಸ್ತಕದಲ್ಲಿ ‘ಬಾಗಿಲು ಹಾಕಿದೆ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದರು. ಅವರನ್ನು ದೂರುವಂತಿಲ್ಲ, ಬೀಗ ಒಡೆಯುವ ಅಧಿಕಾರ ಅವರಿಗಿಲ್ಲ. ಆಮೇಲೆ ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಮಾಲೀಕರ ವಿಳಾಸ ತಂದುಕೊಡಿ ಎಂದರು. ವಿಳಾಸವನ್ನೂ ನಾನೇ ಹುಡುಕಬೇಕಂತೆ!

ಈ ಊರಿಗೆ ಸೊಳ್ಳೆ ಹೊಸ ವಿಷಯವಲ್ಲ. ದಶಕಗಳ ಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಮಂಗಳೂರಿನದಾಗಿತ್ತು. 2019ರ ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗ ಆದ ಗಾಬರಿಯನ್ನು ಯಾರೂ ಮರೆತಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನೂ ನಿಗದಿಪಡಿಸಿತು. ನಗರದಲ್ಲಿ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನ ಮತ್ತು ಅರ್ಧಕ್ಕೆ ನಿಂತ ಕಟ್ಟಡಗಳಿಗೆ 2,000 ರೂಪಾಯಿ. ಲೆಕ್ಕವೇನೋ ಸರಿಯಾಗಿಯೇ ಇದೆ. ಆದರೆ ರಸೀದಿ ಪಡೆಯುವವರು ಯಾರು? ಬೀಗಕ್ಕೆ ಕೈ ಇಲ್ಲವಲ್ಲ.

ಕರ್ನಾಟಕ ಮಹಾನಗರ ಪಾಲಿಕೆಗಳ 1976ರ ಕಾಯ್ದೆ ಬೀಳುವ ಸ್ಥಿತಿಯ ಕಟ್ಟಡವನ್ನು ದುರಸ್ತಿ ಮಾಡಿಸು, ಬೇಲಿ ಹಾಕಿಸು, ಇಲ್ಲವೇ ಕೆಡವಿಸು ಎಂದು ಮಾಲೀಕನಿಗೆ ಆದೇಶಿಸುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ಗೋಡೆ ವಾಲಿದ ಮೇಲೆ ಕಣ್ಣು ತೆರೆಯುವ ನಿಯಮ ಇದು. ಮಳೆಗಾಲ ಒಂದರಲ್ಲೇ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಐದು ಹಂಚು ಒಡೆದ ದಿನಕ್ಕೂ ಗೋಡೆ ವಾಲಿದ ದಿನಕ್ಕೂ ನಡುವೆ ನಾಲ್ಕು ವರ್ಷ ಇರುತ್ತದೆ. ಆ ನಾಲ್ಕು ವರ್ಷ ಕೇಳುವವರಿಲ್ಲ.

ಮಾಲೀಕರೆಲ್ಲ ಬೇಜವಾಬ್ದಾರಿಗಳು ಎಂದು ಹೇಳುತ್ತಿಲ್ಲ. ಹೆಣ್ಣಿನ ಕಡೆಯಿಂದ ಆಸ್ತಿ ಹರಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಒಂದೊಂದು ಮನೆಗೆ ಮೂವತ್ತು ನಲವತ್ತು ಜನ ಪಾಲುದಾರರಿದ್ದಾರೆ. ದೈವದ ಕೋಣೆ ಇರುವ ಮನೆಯನ್ನು ಮಾರುವುದಕ್ಕೆ ಒಬ್ಬರು ಒಪ್ಪುವುದಿಲ್ಲ, ರಿಪೇರಿಗೆ ಹಣ ಹಾಕಲು ಇನ್ನೊಬ್ಬರು ಒಪ್ಪುವುದಿಲ್ಲ. ಮೂಲಗೇಣಿಯ, ಅಂದರೆ ಶಾಶ್ವತ ಗೇಣಿಯ ಜಾಗವಾದರೆ ಒಡೆತನದ ಮೂಲಿದಾರರು ಬೇರೆ, ಗೇಣಿದಾರರು ಬೇರೆ. ಆ ಗಂಟು ಬಿಡಿಸಲೆಂದು 2011ರಲ್ಲಿ ಮಾಡಿದ ಕಾಯ್ದೆಯೇ ನ್ಯಾಯಾಲಯದ ಮೆಟ್ಟಿಲೇರಿತು. ಇದಲ್ಲದೆ ಬಾಯಿಬಿಟ್ಟು ಯಾರೂ ಹೇಳದ ಇನ್ನೊಂದು ಕಾರಣವಿದೆ. ಮನೆ ತಾನಾಗಿಯೇ ಬಿದ್ದರೆ ಕೆಡವಿದ ಪಾಪ ಯಾರಿಗೂ ತಟ್ಟುವುದಿಲ್ಲ, ಬಿಲ್ಡರ್ ಜೊತೆ ಮಾತುಕತೆಯೂ ಸುಲಭ. ನೂರೈವತ್ತು ವರ್ಷಗಳ ಹಿಂದೆ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚು ಸುಡಲು ಶುರು ಮಾಡಿದರು, ಆ ಹಂಚು ಕಡಲಾಚೆಗೂ ಹೋಯಿತು. ಅದೇ ಜೆಪ್ಪುವಿನಿಂದ ಕೂಗಳತೆಯಲ್ಲಿರುವ ನಮ್ಮಲ್ಲಿ ಈಗ ಹಂಚಿನ ಮನೆಗೆ ಮಳೆಯೇ ಬುಲ್ಡೋಜರ್.

ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆಗಳಿಗೆ ಪ್ರತ್ಯೇಕ ತೆರಿಗೆ ಹಾಕುತ್ತಿದೆ. ನಮಗೆ ಅದು ಬೇಡ. ಅಲ್ಲಿಯ ಚಿಂತೆ ಮನೆಗಳ ಅಭಾವ. ಇಲ್ಲಿ ಆ ತೆರಿಗೆ ಹಾಕಿದರೆ ಮಗಳ ಮನೆಯಲ್ಲಿರುವ ವಿಧವೆಯೂ ಕೋರ್ಟಿನಲ್ಲಿ ಸಿಲುಕಿದ ತಮ್ಮನೂ ಅದನ್ನು ತೆರಬೇಕಾಗುತ್ತದೆ. ನನಗೆ ಹಿಡಿಸಿದ್ದು ಅಮೆರಿಕದ ಫಿಲಡೆಲ್ಫಿಯಾದ ನಿಯಮ. ಜನವಸತಿಯ ಬೀದಿಯಲ್ಲಿ ಖಾಲಿ ಕಟ್ಟಡಕ್ಕೆ ಹಲಗೆ ಬಡಿದು ಕೈ ತೊಳೆದುಕೊಳ್ಳುವಂತಿಲ್ಲ, ತೆರೆದು ಮುಚ್ಚಲು ಬರುವ ನಿಜವಾದ ಬಾಗಿಲು ಕಿಟಕಿ ಇರಲೇಬೇಕು. 2011ರಿಂದ ಅಲ್ಲಿ ಇದನ್ನು ಜಾರಿ ಮಾಡುತ್ತಿದ್ದಾರೆ. ನಮ್ಮ ತಗಡಿನ ಶೀಟಿಗೂ ಇದೇ ಮಾತು ಅನ್ವಯಿಸಬೇಕು.

ಆದರೆ ಮೊದಲು ಬೇಕಾದದ್ದು ಇನ್ನೂ ಸಣ್ಣದು. ಸ್ವಯಂ ಘೋಷಿತ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ಮಸ್ಕತ್‌ನಲ್ಲಿರುವವರೂ ಅದನ್ನು ತಪ್ಪಿಸುವುದಿಲ್ಲ, ಕಟ್ಟದಿದ್ದರೆ ಖಾತೆಗೆ ತೊಂದರೆ ಎಂದು ಅವರಿಗೂ ಗೊತ್ತು. ರಿಯಾಯಿತಿ ಬೇಕಾದವರು ಒಂದು ಸಾಲು ತುಂಬಲೇಬೇಕು ಎಂದು ಮಾಡಿ: ಮನೆಯಲ್ಲಿ ಯಾರಾದರೂ ಇದ್ದಾರೆಯೇ, ಇಲ್ಲವಾದರೆ ಬೀಗದ ಕೈ ಊರಿನಲ್ಲಿ ಯಾರ ಬಳಿ ಇದೆ, ಅವರ ಮೊಬೈಲ್ ಸಂಖ್ಯೆ ಏನು. ಏಪ್ರಿಲ್‌ನಲ್ಲಿ ಪಟ್ಟಿ ಸಿದ್ಧವಾದರೆ ಮೇ ಕೊನೆಯ ಪತ್ತನಾಜೆಯೊಳಗೆ, ಮಳೆ ಹಿಡಿಯುವ ಮೊದಲೇ, ವಾರ್ಡಿನವರು ಆ ಮನೆಗಳನ್ನಷ್ಟೇ ನೋಡಿ ಬರಬಹುದು. ಮಾಡು, ಬಾವಿ, ಟ್ಯಾಂಕ್, ರಸ್ತೆಗೆ ತಾಗಿದ ಪಾಗಾರ ನೋಡಿದರೆ ಸಾಕು. ಬಾವಿಗೆ ಬಲೆ ಹೊದಿಸಿ ಲಾರ್ವಾ ತಿನ್ನುವ ನಾಲ್ಕು ಗಪ್ಪಿ ಮೀನು ಬಿಡಲು ಎಷ್ಟು ಖರ್ಚು? ಹೆಸರು ಕೊಡದವರ ಗೇಟಿಗೆ ನೋಟಿಸ್ ಅಂಟಿಸಿ, ಏಳು ದಿನ ಕಾದು, ಪಂಚರ ಎದುರು ಬೀಗ ತೆಗೆದು ಕೆಲಸ ಮುಗಿಸಿ ಖರ್ಚನ್ನು ಮುಂದಿನ ತೆರಿಗೆಗೆ ಸೇರಿಸುವ ಅಧಿಕಾರ ಇರಲಿ. ಮಾಲೀಕರು ಯಾರೆಂದು ಗೊತ್ತಿಲ್ಲ ಎನ್ನುವ ನೆಪವೂ ನಡೆಯದು, ಮಾಲೀಕರ ಹೆಸರಿರುವ ಪ್ರಾಪರ್ಟಿ ಕಾರ್ಡ್ ಮಾಡಿಸಿ ಎಂದು ವರ್ಷಗಟ್ಟಲೆ ನಮ್ಮನ್ನು ಓಡಾಡಿಸಿದ ನಗರವಲ್ಲವೇ ಇದು?

ಪಾಲು ಇತ್ಯರ್ಥವಾಗುವವರೆಗೆ ಬೀಗದ ಕೈ ಇಟ್ಟುಕೊಳ್ಳುವುದಕ್ಕೂ ಜನ ಹೆದರುತ್ತಾರೆ, ನಾಳೆ ಇವರು ಹಕ್ಕು ಕೇಳಿದರೆ ಎಂಬ ಅನುಮಾನ ಪಾಲುದಾರರಿಗೆ. ಹೆಸರು ಬರೆಸಿದ ಮಾತ್ರಕ್ಕೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಅದೇ ಫಾರಂನಲ್ಲಿ ಅಚ್ಚು ಹಾಕಿಸಿದರಾಯಿತು. ನಮ್ಮ ಪಕ್ಕದ ಮನೆಯ ಮಟ್ಟಿಗೆ ಆ ಹೆಸರು ನನ್ನದಾದರೂ ಅಡ್ಡಿಯಿಲ್ಲ. ಮಸ್ಕತ್‌ನಿಂದ ಬರುವ ಯಾರ ಕೈಯಲ್ಲಾದರೂ ಒಂದು ಬೀಗದ ಕೈ ಕೊಟ್ಟು ಕಳುಹಿಸಲಿ.

ಇತಿ,
ನಿಮ್ಮ ಓದುಗ
ಬೋಳಾರ, ಮಂಗಳೂರು